ಬಾಯಲ್ಲೊಂದು ಲವಂಗ

ಕಾಲೇಜಿಗೆ ಸೇರಿದ ದಿನವೇ ನನ್ನ ಕೈಗೆ ಒಂದು ಲವಂಗದ ಡಬ್ಬಿ ಬಂತು. ಅಪಾಯಿಂಟ್‌ಮೆಂಟ್ ಆರ್ಡರ್ ಇನ್ನೂ ಪರ್ಸಿನೊಳಗೆ ಮಡಚಿಕೊಂಡೇ ಇತ್ತು, ಕೂರುವ ಕುರ್ಚಿ ಯಾವುದೆಂದು ಯಾರೂ ತೋರಿಸಿರಲಿಲ್ಲ. ಕನ್ನಡ ಕಲಿಸುತ್ತಿದ್ದ ಹಿರಿಯ ಅಕ್ಕೋರು ಮಾತ್ರ ತಮ್ಮ ಚೀಲದಿಂದ ಪುಟ್ಟ ತಗಡಿನ ಡಬ್ಬಿಯೊಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟು, ಬೆರಳು ಮಡಚಿಸಿದರು. ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳನ್ನೆಲ್ಲ ಅಕ್ಕೋರು ಎನ್ನುವುದು ರೂಢಿ. ಇವರು ಕಲಿಸುವ ನಮಗೂ ಅಕ್ಕೋರೇ ಆಗಿದ್ದರು.

“ಮುಂಜಾನೆ ಅರ್ಧ ಕಪ್ ಚಹಾ ಕುಡೀರಿ, ಸಾಕು. ಆಮ್ಯಾಲ ಮನಿಗೆ ಹೋಗೋತನಕ ಒಂದ್ ಹನಿ ನೀರೂ ಬಾಯಾಗ ಹಾಕಬ್ಯಾಡ್ರಿ. ಗಂಟಲಾ ಒಣಗಿತಂದ್ರ ಒಂದ್ ಲವಂಗ ಇಟಗೋರಿ. ರೂಢಿ ಆಗ್ತದ.”

“ಯಾಕ್ರೀ ಅಕ್ಕೋರ?”

ಅವರು ನನ್ನನ್ನು ಎಳೆಗೂಸನ್ನು ನೋಡುವ ಹಾಗೆ ನೋಡಿದರು. “ಇಂಗ್ಲಿಷ್ ಮೇಡಂ, ಕುಡದದ್ದು ಹೊಟ್ಟ್ಯಾಗ ಕುಂದರತದೇನ್ರಿ? ಹೋಗಲಿಕ್ಕೆ ಜಾಗಾ ಎಲ್ಲದ ಇಲ್ಲಿ?”

ಜಾಗವಿತ್ತು. ಅಂದರೆ, ಜಾಗದ ಬೋರ್ಡ್ ಇತ್ತು. ಪ್ರಿನ್ಸಿಪಾಲರ ಚೇಂಬರಿನ ಪಕ್ಕಕ್ಕೆ, ಕಾರಿಡಾರ್ ಮುಗಿಯುವಲ್ಲಿ, ಹಸಿರು ಬಣ್ಣದ ಒಂದು ಬಾಗಿಲು. ಅದರ ಮೇಲೆ ಬಿಳಿ ಅಕ್ಷರದಲ್ಲಿ ‘ಲೇಡೀಸ್’. ಯುನಿವರ್ಸಿಟಿಯವರ ಕಮಿಟಿ ಕಾಲೇಜನ್ನು ನೋಡಲು ಬಂದಿದ್ದಾಗ ಬರೆಸಿದ್ದಂತೆ. ಅಂದಿನಿಂದ ಅದಕ್ಕೆ ದೊಡ್ಡದೊಂದು ಬೀಗ. ಕೀಲಿಕೈ ಪ್ರಿನ್ಸಿಪಾಲರ ಡ್ರಾಯರಿನಲ್ಲಿ. ಬೇಕಾದವರು ಕ್ಲಾರ್ಕುಗಳ ಸಾಲನ್ನು ದಾಟಿ, ಸ್ಪ್ರಿಂಗ್ ಬಾಗಿಲು ತಳ್ಳಿ, ಅವರ ಟೇಬಲ್ಲಿನ ಮುಂದೆ ನಿಂತು ಕೇಳಬೇಕು. ಅವರೆದುರು ಯಾವಾಗಲೂ ನಾಲ್ಕು ಜನ ಗಂಡಸರು ಕೂತಿರುತ್ತಿದ್ದರು. ಕೇಳಿದರೆ ಕೊಡುತ್ತಿದ್ದರೇನೋ. ಆದರೆ ಕೇಳುವುದು ಹೇಗೆ? ಯಾವ ಭಾಷೆಯಲ್ಲಿ? ನನಗೆ ಗೊತ್ತಿದ್ದ ಎರಡೂ ಭಾಷೆಯಲ್ಲಿ ಆ ವಾಕ್ಯ ನಾಲಿಗೆಗೆ ಬರುತ್ತಿರಲಿಲ್ಲ.

ನಿಜ ಹೇಳಬೇಕೆಂದರೆ ಈ ವಿದ್ಯೆ ನನಗೆ ಅರ್ಧ ಮೊದಲೇ ಬಂದಿತ್ತು. ಕಾನ್ವೆಂಟಿನಲ್ಲಿ ನಾವು ಕೈ ಎತ್ತಿ “ಮೇ ಐ ಬಿ ಎಕ್ಸ್‌ಕ್ಯೂಸ್ಡ್, ಸಿಸ್ಟರ್” ಎಂದರೆ ಸಿಸ್ಟರು ಗಡಿಯಾರ ನೋಡಿ “ಎ ಲೇಡಿ ಕ್ಯಾನ್ ವೇಟ್” ಎನ್ನುತ್ತಿದ್ದರು. ಲೇಡಿ ಆಗಬೇಕೆಂಬ ಆಸೆಗೆ ಕಾಲಿಗೆ ಕಾಲು ಹೆಣೆದುಕೊಂಡು ಗಂಟೆ ಬಾರಿಸುವುದನ್ನೇ ಕಾಯುತ್ತಿದ್ದೆವು. ಹಾಗಾಗಿ ಅಕ್ಕೋರ ಡಬ್ಬಿ ನನಗೆ ಶಿಕ್ಷೆ ಅನಿಸಲಿಲ್ಲ. ಒಂದು ಕ್ಲಬ್ಬಿಗೆ ಸೇರಿಸಿಕೊಂಡ ಹಾಗೆ ಅನಿಸಿತು. ನಮ್ಮ ಪುಟ್ಟ ಸ್ಟಾಫ್ ರೂಮಿನಲ್ಲಿ ಯಾವಾಗಲೂ ಲವಂಗದ ವಾಸನೆ ತೇಲುತ್ತಿತ್ತು. ಈಗಲೂ ಯಾರಾದರೂ ಪಲಾವಿಗೆ ಒಗ್ಗರಣೆ ಹಾಕಿದರೆ ನನ್ನ ಕಿಬ್ಬೊಟ್ಟೆ ಬಿಗಿಯುತ್ತದೆ. ಯೂ ವೋಂಟ್ ಬಿಲೀವ್ ಇಟ್, ಆದರೆ ಮೈ ಮರೆಯುವುದಿಲ್ಲ.

ರೂಮಿನ ಮೂಲೆಯಲ್ಲಿ ಒಂದು ಮಣ್ಣಿನ ಕೊಡ. ಜವಾನ ಮುಂಜಾನೆ ತುಂಬಿಡುತ್ತಿದ್ದ, ಸಂಜೆ ತುಂಬಿದ ಕೊಡವನ್ನೇ ಎತ್ತಿಕೊಂಡು ಹೋಗಿ ಅಂಗಳದ ಬೇವಿನ ಗಿಡದ ಬುಡಕ್ಕೆ ಸುರಿಯುತ್ತಿದ್ದ. ಬಿಜಾಪುರದ ಬಿಸಿಲು ಎಂಥದೆಂದು ಆ ಊರಿನಲ್ಲಿ ಒಂದು ಏಪ್ರಿಲ್ ಕಳೆದವರಿಗೆ ಹೇಳಬೇಕಾಗಿಲ್ಲ. ಆಗ ಊರಿನ ಹೆಸರು ಬಿಜಾಪುರವೇ. ವಿಜಯಪುರ ಎಂದು ಬರೆಯಲು ಈಗಲೂ ನನ್ನ ಕೈ ಒಂದು ಕ್ಷಣ ತಡೆಯುತ್ತದೆ. ಅಂಥ ಬಿಸಿಲಿನಲ್ಲೂ ಕೊಡದ ನೀರು ತಳದವರೆಗೆ ತಣ್ಣಗೆ, ಮುಟ್ಟದೆ, ನಮ್ಮನ್ನು ನೋಡುತ್ತ ಕೂತಿರುತ್ತಿತ್ತು. ಗಂಡಸರು ಕಾಂಪೌಂಡ್ ಗೋಡೆಯ ಆಚೆ ಹೋಗಿಬಂದು, ಕೈ ಒರೆಸಿಕೊಳ್ಳುತ್ತ, ಚಹಾ ತರಿಸುವಾಗ ನಮ್ಮ ಬಾಗಿಲಿನಲ್ಲಿ ಇಣುಕುತ್ತಿದ್ದರು.

“ಮೇಡಮ್ಮಾರ, ಚಹಾ?”

“ಬ್ಯಾಡ್ರಿ.”

“ನಮ್ಮ ಮೇಡಮ್ಮಾರು ಒಂಟೆ ಜಾತಿ ನೋಡ್ರಿ. ಒಮ್ಮೆ ಕುಡದ್ರ ವಾರಗಟ್ಲೆ ನಡೀತೈತಿ.”

ಎಲ್ಲರೂ ನಗುತ್ತಿದ್ದರು. ಅಕ್ಕೋರೂ ನಗುತ್ತಿದ್ದರು, ಸ್ವಲ್ಪ ಹೆಮ್ಮೆಯಿಂದಲೇ.

ಈ ರೂಮಿಗೆ ಮೂರನೆಯವಳಾಗಿ ಬಾಟನಿ ಮೇಡಂ ಬಂದಳು. ಟಿಕೋಟಾದ ಹುಡುಗಿ. ಅವಳಪ್ಪ ಅಲ್ಲಿಯೇ ಹೊಲಮನೆ ಮಾಡಿಕೊಂಡಿದ್ದ ಮುಸ್ಲಿಮರು, ನಾಲ್ಕು ತಲೆಮಾರಿನಿಂದ ಅದೇ ಊರು. ಧಾರವಾಡಕ್ಕೆ ಹೋಗಿ ಎಂ.ಎಸ್ಸಿ. ಮಾಡಿ ಬಂದಿದ್ದಳು. ಆ ಕಡೆಯ ಹೆಣ್ಣುಮಕ್ಕಳಲ್ಲಿ ಅವಳೇ ಮೊದಲು ಎಂದು ಜನ ಬಸ್ಸಿನಲ್ಲಿ ಎದ್ದು ಸೀಟು ಬಿಡುತ್ತಿದ್ದರಂತೆ. ಸ್ಟೇಷನ್ ರಸ್ತೆಯಲ್ಲಿ ಅವಳ ಗಂಡನ ಸೈಕಲ್ ಅಂಗಡಿ, ಅಂಗಡಿಯ ಮೇಲೆಯೇ ಮನೆ. ನನಗಿಂತ ಚಿಕ್ಕವಳು, ಮಾತು ಚೂಪು. ಅಕ್ಕೋರು ಡಬ್ಬಿ ಕೊಟ್ಟಾಗ ಒಂದು ಲವಂಗ ತೆಗೆದು ಬೆಳಕಿಗೆ ಹಿಡಿದು ನೋಡಿದಳು.

“ಅಕ್ಕೋರ, ಇದು ಏನಂತ ಗೊತ್ತೈತೇನ್ರಿ ನಿಮಗ? ಮೊಗ್ಗು. ಹೂವಾಗೂಕಿಂತ ಮೊದಲ ಹರದು ಒಣಗಿಸಿದ್ದು.”

“ಹೂವಾದ ಮ್ಯಾಲ ಹರೀಬಾರದೇನು?”

“ಹೂವಾದ್ರ ಅದಕ್ಕ ಬೆಲಿ ಇಲ್ರಿ” ಎಂದು ಬಾಯಲ್ಲಿ ಹಾಕಿಕೊಂಡಳು. “ನಮ್ಮಂಗ.”

ಅವಳಿಗೆ ಪ್ರೊಬೇಷನ್ ಮುಗಿಯಲು ಒಂದು ವರ್ಷವಿತ್ತು. ಕನ್ಫರ್ಮ್ ಆಗುವುದು ಬಿಡುವುದು ಪ್ರಿನ್ಸಿಪಾಲರ ರಿಪೋರ್ಟಿನ ಮೇಲೆ. ಪ್ರಿನ್ಸಿಪಾಲರು ಕೂಗಾಡುವ ಮನುಷ್ಯರಲ್ಲ. ಅದೇ ನಮಗೆ ಭಯ ಹುಟ್ಟಿಸುತ್ತಿತ್ತು. ಮಾತೆಲ್ಲ ಮೆತ್ತಗೆ, ಬೆಣ್ಣೆ ಸವರಿದ ಹಾಗೆ. ಹೇಳಿ ಮುಗಿಸಿದ ಮೇಲೆ ಎಲ್ಲಿ ಕೊಯ್ದಿದೆ ಎಂದು ಮನೆಗೆ ಹೋಗಿ ಹುಡುಕಬೇಕು. ಆ ವರ್ಷ ಲೋಕದಲ್ಲೆಲ್ಲ ಮಹಿಳಾ ವರ್ಷವೆಂದು ಆಚರಿಸುತ್ತಿದ್ದರು. ಯುನಿವರ್ಸಿಟಿಯಿಂದ ಸರ್ಕ್ಯುಲರ್ ಬಂದಿತ್ತು. ಪ್ರಿನ್ಸಿಪಾಲರು ಸ್ಟಾಫ್ ಮೀಟಿಂಗಿನಲ್ಲಿ ಅದನ್ನು ಓದಿ, ನಮ್ಮ ಮೂವರ ಕಡೆ ತಿರುಗಿ, ಕೈ ಜೋಡಿಸಿದರು.

“ನೀವು ನಮ್ಮ ಮನಿ ಹೆಣ್ಮಕ್ಕಳಿದ್ದಂಗ. ಈ ವರ್ಷದಿಂದ ನಮ್ಮಲ್ಲಿ ಭೇದ ಇಲ್ಲ. ಸಮಾನ ಪಗಾರ, ಸಮಾನ ಡ್ಯೂಟಿ. ಶಿಬಿರ ಇರಲಿ, ಎಕ್ಸಾಮ್ ಇರಲಿ, ಹೆಂಗಸರಂತ ಯಾರಿಗೂ ಕಡಿಮಿ ಮಾಡೂದಿಲ್ಲ. ಆತಲ್ರೀ?”

ಚಪ್ಪಾಳೆ ಬಿತ್ತು. ನಾವೂ ತಟ್ಟಿದೆವು. ಬಾಟನಿ ಮೇಡಂ ತಟ್ಟಲಿಲ್ಲ. ಅವಳ ಕೈ ಶಾಲಿನೊಳಗಿತ್ತು.

ಶಾಲನ್ನು ನಾನು ಆಗಲೇ ಗಮನಿಸಬೇಕಿತ್ತೇನೋ, ಆದರೆ ಅದು ಚಳಿಗಾಲ, ಎಲ್ಲರೂ ಹೊದ್ದಿದ್ದೆವು. ಶಿವರಾತ್ರಿ ಕಳೆಯಿತು. ಶಿವ ಶಿವ ಎಂದು ಚಳಿ ಹೋಗುತ್ತದೆ ಎನ್ನುತ್ತಾರಲ್ಲ, ಹೋಯಿತು. ಸೀಲಿಂಗ್ ಫ್ಯಾನು ಬಿಸಿಗಾಳಿಯನ್ನೇ ಕಡೆಯಲು ಶುರು ಮಾಡಿತು. ಅವಳು ಶಾಲು ತೆಗೆಯಲಿಲ್ಲ. ಒಂದು ಮಧ್ಯಾಹ್ನ ನಾವಿಬ್ಬರೇ ಇದ್ದಾಗ ಅವಳೇ ಹೇಳಿದಳು: ಬಸುರಿ. ಆಗಲೇ ಏಳನೆಯ ತಿಂಗಳು. ಹಿಂದೊಮ್ಮೆ ಬಸುರು ಇಳಿದುಹೋಗಿತ್ತು, ಹಾಗಾಗಿ ಮನೆಯವರನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ.

“ರಜಾ ಕೇಳವಾ. ಮೆಟರ್ನಿಟಿ ಲೀವ್ ಅಂತ ಐತಿ.”

“ಕೇಳೀನಿ. ಬಸುರಂತ ಹೇಳದ, ಮುಂದ ಬೇಕಾದ್ರ ಹೆಂಗಂತ ಕೇಳಿದ್ರ ಏನಂದ್ರು ಗೊತ್ತೈತೇನ್ರಿ? ‘ತಗೋರಿ, ಧಾರಾಳ ತಗೋರಿ ಮೇಡಂ. ಪ್ರೊಬೇಷನ್ ಮಾತ್ರ ಅಲ್ಲಿಗೇ ಕಡಿತದ, ನನ್ನ ಕೈಯಾಗ ಏನಿಲ್ಲ’ ಅಂದ್ರು. ಇನ್ನ ಒಂದ ತಿಂಗಳ ತಡದ್ರ ಸೂಟಿ ಬರತೈತಿ, ಸೂಟಿಯಾಗ ಹಡಿತೀನಿ, ಜೂನಿಗೆ ಬರತೀನಿ. ಯಾರಿಗೂ ಗೊತ್ತಾಗೂದಿಲ್ಲ.”

ನಗುತ್ತಲೇ ಹೇಳಿದಳು. ಆದರೆ ಹಲ್ಲು ಒಂದಕ್ಕೊಂದು ತಾಕುತ್ತಿದ್ದವು. ಮುಟ್ಟಿ ನೋಡಿದೆ. ಅಂಗೈ ಕಾವಲಿಯ ಹಾಗೆ ಸುಡುತ್ತಿತ್ತು. ಹೊರಗೆ ಅಂಥ ಬಿಸಿಲು, ಅವಳಿಗೆ ಚಳಿ.

“ಬೆನ್ನ ನೋಯಾಕತ್ತೈತಿ. ಬಸುರಾದ ಮ್ಯಾಲ ನೋಯ್ತೈತಂತಲ್ರಿ” ಎಂದಳು. ಮೂಲೆಯ ಕೊಡವನ್ನು ಒಮ್ಮೆ ನೋಡಿದಳು, ಡಬ್ಬಿ ತೆಗೆದು ಲವಂಗ ಬಾಯಿಗೆ ಹಾಕಿಕೊಂಡಳು. ಮೊದಲು ದಿನಕ್ಕೊಂದು ಸಾಕಾಗುತ್ತಿತ್ತು ಅವಳಿಗೆ. ಆಗ ಒಂದರ ಮೇಲೊಂದು ಹಾಕುತ್ತಿದ್ದಳು. ಬಸುರಿ ಹೆಂಗಸಿಗೆ ಬೇರೆ ದಿನಕ್ಕಿಂತ ಹೆಚ್ಚು ಸಲ ಹೋಗಬೇಕಾಗುತ್ತದೆ ಎಂಬುದನ್ನು ನೀರು ಇನ್ನಷ್ಟು ಕಡಿಮೆ ಮಾಡಿ ಸರಿದೂಗಿಸಿದ್ದಳು. ಮುಂಜಾನೆಯ ಅರ್ಧ ಕಪ್ ಚಹಾವನ್ನೂ ಬಿಟ್ಟಿದ್ದಳು.

ಮಾರ್ಚ್ ಕೊನೆಗೆ ಶಿಬಿರ ಬಂತು. ಟಿಕೋಟಾದಲ್ಲಿ ಆರಂಭ, ಬಬಲೇಶ್ವರದಲ್ಲಿ ಸಮಾರೋಪ. ವಿಷಯ: ಗ್ರಾಮೀಣ ಮಹಿಳೆಯರ ಆರೋಗ್ಯ. ಹುಡುಗರು ಗುಂಡಿ ತೋಡಿ, ತಗಡಿನ ಮರೆ ಕಟ್ಟಿ, ಹೆಂಗಸರಿಗೆ ಪಾಯಖಾನೆ ಮಾಡಿಕೊಡಬೇಕು. ನಾವು ಹಳ್ಳಿಯ ಹೆಂಗಸರಿಗೆ ಅದರ ಮಹತ್ವ ತಿಳಿಸಬೇಕು. ಡ್ಯೂಟಿ ಯಾದಿಯಲ್ಲಿ ಬಾಟನಿ ಮೇಡಂ ಹೆಸರು ಮೊದಲಿಗೇ ಇತ್ತು, ನನ್ನದು ಅದರ ಕೆಳಗೆ.

“ಶೀ ಈಸ್ ನಾಟ್ ವೆಲ್, ಸರ್” ಎಂದು ನಾನು ಚೇಂಬರಿಗೆ ಹೋಗಿ ಹೇಳಿದೆ. ಇಂಗ್ಲಿಷಿನಲ್ಲಿ ಹೇಳಿದರೆ ತೂಕ ಬರುತ್ತದೆ ಎಂದು ನಂಬಿದ್ದ ಕಾಲ ಅದು.

“ಹಂಗಂತ ಅವರು ಹೇಳ್ಯಾರೇನ್ರಿ?” ಪ್ರಿನ್ಸಿಪಾಲರು ಪೆನ್ನಿನ ಟೊಪ್ಪಿಗೆ ಹಾಕಿದರು. “ಅವರು ಹೇಳಿಲ್ಲಲ್ರೀ. ಸಮಾನತಾ ಅಂತ ನೀವ ಕೇಳಿದ್ರಿ. ಕೊಟ್ಟೇವಿ. ಈಗ ಬ್ಯಾಡಂದ್ರ ಹೆಂಗ ಮೇಡಂ?”

ಮಾತು ಮುಗಿಯಿತು. ಹೊರಗೆ ಬರುವಾಗ ಹಸಿರು ಬಾಗಿಲಿನ ಬೀಗಕ್ಕೆ ನನ್ನ ಸೆರಗು ತಾಗಿ ಎಳೆಯಿತು.

ಜೀಪಿನಲ್ಲಿ ಹೊರಟೆವು. ಇಟ್ಟಂಗಿಹಾಳ ದಾಟಿದ ಮೇಲೆ ಎರಡೂ ಕಡೆ ಜೋಳ ಕೊಯ್ದ ಕರಿ ಹೊಲ, ಒಣ ಕೂಳೆ, ಅದರಲ್ಲಿ ಕುರಿಗಳು ತಲೆ ತಗ್ಗಿಸಿ ಒಂದರ ನೆರಳಿನಲ್ಲಿ ಒಂದು ಮುಖವಿಟ್ಟು ನಿಂತಿದ್ದವು. ನೆರಳೆಂದರೆ ಅಷ್ಟೇ. ಜೀಪು ಕುಕ್ಕಿದಾಗೆಲ್ಲ ಅವಳು ಸೀಟಿನ ಕಬ್ಬಿಣವನ್ನು ಹಿಡಿದು, ಕಣ್ಣು ಮುಚ್ಚಿ, ಕುಕ್ಕು ಮುಗಿದ ಮೇಲೆ ತೆರೆಯುತ್ತಿದ್ದಳು. ಮುಂದಿನ ಸೀಟಿನಿಂದ ಇತಿಹಾಸದ ಸರ್ ತಿರುಗಿ ನೋಡಿದರು. “ಶಾಲ್ ಹೊದಕೊಂಡೀರಿ ಮೇಡಂ, ಸಿಮ್ಲಾಕ್ಕ ಹೊಂಟೀವೇನು?” ಎಂದರು. ಜೀಪೆಲ್ಲ ನಕ್ಕಿತು. “ಹೌದ್ರಿ” ಎಂದಳು ಅವಳು, “ನಿಮಗ ಟಿಕೇಟ ತಗಸಿಲ್ಲ.” ನಗು ಇನ್ನೂ ಜೋರಾಯಿತು.

ಟಿಕೋಟಾದಲ್ಲಿ ಹುಡುಗರಿಗೆ ಶಾಲೆಯಲ್ಲಿ ವಸತಿ, ನಮ್ಮಿಬ್ಬರಿಗೆ ಅವಳ ತವರುಮನೆಯಲ್ಲಿ. ಹಿತ್ತಲಿಗೆ ಕಲ್ಲು ಹಾಸಿದ ಬಚ್ಚಲು, ಅದರಾಚೆ ಗೋಡೆ ಕಟ್ಟಿದ ಪಾಯಖಾನೆ, ಅದಕ್ಕೆ ಒಳಗಿನಿಂದ ಹಾಕುವ ಚಿಲಕ. ಅವಳು ಹೊಸ್ತಿಲು ದಾಟಿದವಳೇ ಚಪ್ಪಲಿ ಕೂಡ ಬಿಡದೆ ಅಡಿಗೆಮನೆಗೆ ನಡೆದು, ತಂಬಿಗೆ ಎತ್ತಿ, ನಿಂತೇ ಕುಡಿದಳು. ಮತ್ತೆ ತುಂಬಿಕೊಂಡಳು. ಮತ್ತೆ. ನೀರು ಗದ್ದದಿಂದ ಶಾಲಿನೊಳಗೆ ಇಳಿಯುತ್ತಿದ್ದರೂ ನಿಲ್ಲಿಸಲಿಲ್ಲ. ಮನುಷ್ಯರು ಹಾಗೆ ನೀರು ಕುಡಿಯುವುದನ್ನು ನಾನು ಎಂದೂ ನೋಡಿರಲಿಲ್ಲ.

ಅವಳ ತಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ನನ್ನ ಕಡೆ ತಿರುಗಿದರು. “ನಿಮ್ಮ ಕಾಲೇಜಿನ್ಯಾಗ ನೀರ ಕೊಡೂದಿಲ್ಲೇನ್ರಿ ಮೇಡಂ?”

“ಕೊಡತಾರ್ರಿ” ಎಂದೆ. ಅದು ಸುಳ್ಳಲ್ಲ.

ಶಿಬಿರ ಅಲ್ಲಿದ್ದಷ್ಟು ದಿನ ಅವಳು ಸ್ವಲ್ಪ ಹಗುರಾದಳು. ಹಗಲು ಬಿಜ್ಜರಗಿಯಂಥ ಸುತ್ತಲಿನ ಹಳ್ಳಿಗಳಿಂದ ಬಂದ ಹೆಂಗಸರೊಡನೆ ಮಾತು, ಸಂಜೆ ತಾಯಿ ಮಾಡಿಕೊಟ್ಟ ಜೋಳದ ಗಂಜಿ. ಒಬ್ಬ ಮುದುಕಿ, ನಾವು ಪಾಯಖಾನೆಯ ಮಹತ್ವ ಹೇಳಿ ಮುಗಿಸಿದ ಮೇಲೆ, ಎಲೆಯಡಿಕೆ ಕುಟ್ಟುತ್ತ ಕೇಳಿದ್ದಳು: “ನೀವು ಸಾಲಿ ಕಲತವರು. ನಿಮಗಂತೂ ಸ್ವರ್ಗ ಇರಬೇಕ ನೋಡವಾ ಅಲ್ಲಿ.” ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಬಬಲೇಶ್ವರಕ್ಕೆ ಹೊರಡುವ ಮುಂಜಾನೆ ಜ್ವರ ಮತ್ತೆ ಏರಿತ್ತು. ತಾಯಿ ಹಣೆ ಮುಟ್ಟಿದವರು ಕೈ ಹಿಂದಕ್ಕೆ ಎಳೆದುಕೊಂಡರು.

“ಮೈ ಸುಡಾಕತ್ತೈತಿ ಬೇಟಾ. ಎಲ್ಲಿಗೂ ಹೋಗಬ್ಯಾಡ. ನಿಮ್ಮ ಸಾಹೇಬ್ರಿಗೆ ನಿಮ್ಮಪ್ಪ ಹೇಳಿ ಕಳಸ್ತಾರ.”

“ಇವತ್ತ ಒಂದ ದಿನ ಅಮ್ಮಾ.”

“ಇಲ್ಲೇ ಉಳಿ” ಎಂದು ನಾನೂ ಅಂದೆ. “ನಿನ್ನ ವೋಟ್ ಆಫ್ ಥ್ಯಾಂಕ್ಸ್ ನಾ ಮಾಡತೀನಿ.”

ಅವಳು ಸೀರೆಯ ನೆರಿಗೆ ಹಿಡಿಯುತ್ತಿದ್ದಳು. ಕಾಲು ಊದಿ ಚಪ್ಪಲಿಗೆ ಹಿಡಿಯುತ್ತಿರಲಿಲ್ಲ, ತಾಯಿಯದನ್ನು ಹಾಕಿಕೊಂಡಿದ್ದಳು. “ಇಂಗ್ಲಿಷ್ ಮೇಡಂ, ಇವತ್ತ ನಾ ಇಲ್ಲಿ ಮಲಗಿದ್ರ ನಾಳೆ ಏನಂತಾರ? ‘ನೋಡ್ರಿ, ಹೆಣ್ಮಕ್ಕಳನ್ನ ತಗೊಂಡ್ರ ಹಿಂಗ’ ಅಂತಾರ. ನನ್ನ ನೌಕರಿ ಅಷ್ಟ ಅಲ್ಲ. ನನ್ನ ಹಿಂದ ಈ ಊರಾಗ ಆರ ಹುಡಿಗ್ಯಾರು ಮೆಟ್ರಿಕ್‌ಗೆ ಕುಂತಾರ. ಅವರಪ್ಪಗೋಳು ನನ್ನ ನೋಡಾಕತ್ತಾರ.” ಹೊರಡುವಾಗ ತಾಯಿ ತಂಬಿಗೆ ತಂದರೆ ಕೈ ಅಡ್ಡ ಹಿಡಿದಳು. “ಬ್ಯಾಡಮ್ಮಾ. ಅಲ್ಲಿ ದಿನಪೂರ್ತಿ ಸಭಾ.” ಜೀಪಿನೊಳಗೆ ಡಬ್ಬಿ ಬಿಚ್ಚುವ ಸದ್ದು ಕೇಳಿಸಿತು.

ಬಬಲೇಶ್ವರದ ಶಾಲೆಯ ಬಯಲಿನಲ್ಲಿ ವೇದಿಕೆ. ಅದರ ಬದಿಯಲ್ಲೇ ನಮ್ಮ ಹುಡುಗರು ಕಟ್ಟಿದ ಹೊಸ ಪಾಯಖಾನೆ, ತಗಡಿನ ಮರೆ, ಬಾಗಿಲಿಗೆ ಅಡ್ಡಲಾಗಿ ಕೆಂಪು ರಿಬ್ಬನ್. ಮುಖ್ಯ ಅತಿಥಿಗಳು ಬಂದು ಕತ್ತರಿಸುವ ತನಕ ಯಾರೂ ಮುಟ್ಟುವಂತಿಲ್ಲ. ಮುಖ್ಯ ಅತಿಥಿಗಳು ಬರುವುದು ತಡವಾಯಿತು. ಸಮಾರೋಪಕ್ಕೆಂದು ಊರಿನಿಂದ ಬಂದಿದ್ದ ಹಿರಿಯ ಅಕ್ಕೋರನ್ನೂ ಸೇರಿಸಿ ನಮ್ಮ ಮೂವರನ್ನು ವೇದಿಕೆಯ ಮುಂದಿನ ಸಾಲಿನಲ್ಲಿ ಕೂರಿಸಿದರು. ಮಹಿಳಾ ವರ್ಷವಲ್ಲವೇ, ಕಾಣಬೇಕು. ಪ್ರತಿಯೊಬ್ಬರ ಮುಂದೆ ಒಂದು ಸ್ಟೀಲಿನ ಲೋಟ ನೀರು, ಮೇಲೊಂದು ಮುಚ್ಚಳ. ಬಿಸಿಲಿಗೆ ಲೋಟದ ಅಂಚು ಕಣ್ಣು ಕುಕ್ಕುತ್ತಿತ್ತು.

ಅತಿಥಿಗಳು ಬಂದರು, ರಿಬ್ಬನ್ ಕತ್ತರಿಸಿದರು, ಚಪ್ಪಾಳೆ ತಟ್ಟಿದೆವು. ಈಗ ಬಾಗಿಲು ತೆರೆದಿತ್ತು. ಆದರೆ ಇಡೀ ಊರು ಆ ಬಾಗಿಲಿಗೇ ಮುಖ ಮಾಡಿ ಕೂತಿತ್ತು. ವೇದಿಕೆಯಿಂದ ಇಳಿದು ಅಷ್ಟು ಕಣ್ಣುಗಳ ಮುಂದೆ ಅದರೊಳಗೆ ನಡೆಯಬಲ್ಲ ಹೆಂಗಸು ಆ ಬಯಲಿನಲ್ಲಿ ಒಬ್ಬಳೂ ಇರಲಿಲ್ಲ. ಅತಿಥಿಗಳು ಸ್ತ್ರೀಯ ಸಹನೆಯ ಕುರಿತು ಬಹಳ ಹೊತ್ತು ಮಾತಾಡಿದರು. ಭೂಮಿತಾಯಿಯಷ್ಟು ಸಹನೆ ಎಂದರು. ನನ್ನ ಪಕ್ಕದ ಕುರ್ಚಿ ಸಣ್ಣಗೆ ನಡುಗುತ್ತಿತ್ತು. ಅದರ ಕಾಲು ಹಲಗೆಗೆ ಬಡಿದು ಟಕಟಕ ಸದ್ದು ಬರುತ್ತಿತ್ತು. ಕುರ್ಚಿಯೇ ಸರಿಯಿಲ್ಲವೆಂದು ಜವಾನ ಬಂದು ಕಾಲಿನ ಕೆಳಗೆ ಒಂದು ರಟ್ಟಿನ ತುಂಡು ಇಟ್ಟುಹೋದ. ಸದ್ದು ನಿಲ್ಲಲಿಲ್ಲ.

ಕೊನೆಗೆ ವಂದನಾರ್ಪಣೆಗೆ ಅವಳನ್ನು ಕರೆದರು. ಎದ್ದಳು. ಮೈಕು ಹಿಡಿದಳು. ಪೂರ್ತಿ ಹೇಳಿದಳು, ಮುಖ್ಯ ಅತಿಥಿಗಳಿಗೆ, ಪ್ರಿನ್ಸಿಪಾಲರಿಗೆ, ಗುಂಡಿ ತೋಡಿದ ಹುಡುಗರಿಗೆ, ನೀರು ಕೊಟ್ಟ ಊರವರಿಗೆ. ದನಿ ಒಂದು ಸಲವೂ ತಪ್ಪಲಿಲ್ಲ. ನಮಸ್ಕಾರ ಎಂದು ಮೈಕನ್ನು ಅದರ ಕೋಲಿಗೆ ಸಿಕ್ಕಿಸಿ, ಕುರ್ಚಿಗೆ ತಿರುಗಿ ಬರದೆ, ಅಲ್ಲೇ ವೇದಿಕೆಯ ಹಲಗೆಯ ಮೇಲೆ ಮೆಲ್ಲಗೆ ಕೂತಳು. ಶಾಲು ಜಾರಿತು. ಆಗ ಎಲ್ಲರಿಗೂ ಕಂಡಿತು.

ಪ್ರಿನ್ಸಿಪಾಲರು ಕೂಡಲೇ ಜೀಪು ಕೊಟ್ಟರು. ಅದನ್ನು ಹೇಳಬೇಕು. ಹಿಂದಿನ ಸೀಟಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲೆ, ಕಾಲು ಅಕ್ಕೋರ ತೊಡೆಯ ಮೇಲೆ. ದಾರಿಯುದ್ದಕ್ಕೂ ಅವಳು ಕೇಳಿದ್ದು ಒಂದೇ ಮಾತು: “ಸರ್ ನೋಡಿದ್ರೇನ್ರಿ?”

ಮಗು ಅಂದೇ ಹುಟ್ಟಿತು. ಹೆಣ್ಣು. ಅಳಲಿಲ್ಲ. ಆಸ್ಪತ್ರೆಯ ಲೇಡಿ ಡಾಕ್ಟರು ಕೈ ತೊಳೆಯುತ್ತ ನಮ್ಮ ಕಡೆ ತಿರುಗದೆ ಹೇಳಿದರು: “ಕಿಡ್ನಿಗೆ ಇನ್‌ಫೆಕ್ಷನ್ ಏರ್ಯದ. ಆ ಜ್ವರಕ್ಕೆ ನೋವು ಮೊದಲೇ ಬಂದಾವ. ತಾಯಿ ಉಳದದ್ದ ದೊಡ್ಡದು. ಹಗಲೆಲ್ಲ ನೀರ ಕುಡೀತಿರಲಿಲ್ಲೇನು ಈಕಿ? ತಡಕೊಂಡು ಕೂಡತಿದ್ಲೇನು?” ಅಕ್ಕೋರ ಬಾಯಲ್ಲಿ ಏನೋ ಇತ್ತು. ಅದನ್ನು ಕೈಗೆ ಉಗುಳಿಕೊಂಡು, ಮುಷ್ಟಿ ಮುಚ್ಚಿ, ಮುಷ್ಟಿಯನ್ನೇ ನೋಡುತ್ತ ನಿಂತರು.

ಜೂನಿಗೆ ಅವಳು ಬಂದಳು, ಹೇಳಿದ ಹಾಗೆಯೇ. ತೆಳ್ಳಗಾಗಿದ್ದಳು. ಶಾಲು ಇರಲಿಲ್ಲ. ಸ್ಟಾಫ್ ರೂಮಿಗೆ ಬಂದು ಚೀಲ ಇಟ್ಟು, ಮೂಲೆಗೆ ಹೋಗಿ, ಕೊಡದಿಂದ ಒಂದು ಲೋಟ ನೀರು ತೆಗೆದು ಕುಡಿದಳು. ಇನ್ನೊಂದು ಕುಡಿದಳು. ಡಬ್ಬಿಯನ್ನು ಅಕ್ಕೋರ ಮುಂದೆ ಮೆಲ್ಲಗೆ ಇಟ್ಟಳು, ಸಿಟ್ಟಿನಿಂದ ಅಲ್ಲ. ಎರಡು ಪಿರಿಯಡ್ ಮುಗಿಸಿ, ಕ್ಲಾರ್ಕುಗಳ ಸಾಲು ದಾಟಿ, ಸ್ಪ್ರಿಂಗ್ ಬಾಗಿಲು ತಳ್ಳಿದಳು. ನಾವಿಬ್ಬರೂ ಹಿಂದೆಯೇ ಹೋದೆವು.

“ಲೇಡೀಸ್ ರೂಮಿಂದು ಕೀಲಿ ಕೊಡ್ರಿ ಸರ್.”

ಒಳಗೆ ಕೂತಿದ್ದ ಗಂಡಸರು ನೆಲ ನೋಡಿದರು. ಪ್ರಿನ್ಸಿಪಾಲರು ಮುಗುಳ್ನಕ್ಕರು. “ಆರಾಮಾದ್ರೇನು ಮೇಡಂ? ಕುಂದರ್ರಿ.”

“ಕೀಲಿ, ಸರ್.”

“ಹಳೇ ಬೀಗ ಅದು. ನಾಳೆ ತೆರಸ್ತೀನಿ.”

“ನಾಳಿಗಲ್ರಿ. ಈಗ ಹೋಗಬೇಕಾಗೈತಿ.”

ಆ ವಾಕ್ಯ. ನಾನು ಎರಡು ಭಾಷೆಯಲ್ಲೂ ಹುಡುಕಿ ಸಿಗದಿದ್ದ ವಾಕ್ಯ. ಅಷ್ಟೇ ಇತ್ತು ಅದು.

ಅವರು ಡ್ರಾಯರ್ ಎಳೆದರು. ಕೀಲಿಕೈ ಇತ್ತು. ಜವಾನ ಬೀಗಕ್ಕೆ ಎಣ್ಣೆ ಬಿಟ್ಟು ಎಳೆದಾಡಿ ತೆಗೆದ. ಹಸಿರು ಬಾಗಿಲು ಕಿರುಗುಟ್ಟಿ ತೆರೆಯಿತು. ಒಳಗೆ ಮುರಿದ ಬೆಂಚುಗಳು ಒಂದರ ಮೇಲೊಂದು, ಸೀಳಿದ ಒಂದು ಕರಿಹಲಗೆ, ಒಣಗಿ ಗಟ್ಟಿಯಾದ ಹಸಿರು ಬಣ್ಣದ ಡಬ್ಬ. ಮಣ್ಣು ನೆಲ. ನಲ್ಲಿಯಿಲ್ಲ, ಮೋರಿಯಿಲ್ಲ, ಆಚೆಯ ಗೋಡೆಗೆ ಕಿಟಕಿ ಕೂಡ ಇಲ್ಲ. ಬಾಗಿಲೊಂದೇ. ಅದರ ಮೇಲೆ ಬೋರ್ಡೊಂದೇ.

ಹಿರಿಯ ಅಕ್ಕೋರು ಒಳಗೆ ಇಣುಕಿ, ತಮಗೆ ತಾವೇ ಹೇಳಿಕೊಳ್ಳುವ ಹಾಗೆ, “ನಾ ಇಷ್ಟ ವರ್ಷ ಒಳಗ ಬಿಳೀ ಟೈಲ್ಸ್ ಹಾಕ್ಯಾರಂತ ತಿಳದಿದ್ದೆ” ಎಂದರು.

“ಕಮಿಟಿ ಬರೋ ಮುಂದ ಟೈಮ್ ಇರಲಿಲ್ರೀ” ಪ್ರಿನ್ಸಿಪಾಲರ ದನಿ ನಮ್ಮ ಹಿಂದೆಯೇ ಬಂತು, ಅದೇ ಮೆತ್ತನೆಯ ದನಿ. “ಬೋರ್ಡ್ ಅಷ್ಟ ಬರಸಿದ್ವಿ. ಆಮ್ಯಾಲ ನೀವ್ಯಾರೂ ಕೇಳಲೇ ಇಲ್ಲ.”

ಬಾಟನಿ ಮೇಡಂ ತಿರುಗಿದಳು. “ಕೇಳೂದಿಲ್ಲಂತ ನಿಮಗ ಗೊತ್ತಿತ್ರಿ.”

ಅವರು ಬಾಗಿಲ ಮೇಲಿನ ಬೋರ್ಡಿನ ಕಡೆ ನೋಡಿದರು.

“ನಾ ಮನಿಗೆ ಹೋಗಿ ಬರ್ತೇನ್ರಿ ಸರ್, ಸ್ಟೇಷನ್ ರಸ್ತೆಕ್ಕ. ಇವತ್ತಷ್ಟ ಅಲ್ಲ, ಬೇಕಾದಾಗೆಲ್ಲ. ಕ್ಲಾಸ್ ಕಾಯ್ತೈತಿ.”

“ಮೇಡಂ” ಅವರು ಇನ್ನೂ ತಗ್ಗಿದ ದನಿಯಲ್ಲಿ ಅಂದರು, “ನಿಮ್ಮ ಕನ್ಫರ್ಮೇಶನ್ ಫೈಲ್ ನನ್ನ ಟೇಬಲ್ ಮ್ಯಾಲದ.”

“ಇರಲ್ರಿ. ಟಾಂಗಾ ಗೇಟಿನ್ಯಾಗ ಐತಿ.”

ನಡುಹಗಲಲ್ಲಿ, ಪಾಠದ ಹೊತ್ತಿನಲ್ಲಿ, ಅವಳು ಟಾಂಗಾ ಹತ್ತಿ ಹೋದಳು. ವರಾಂಡದಲ್ಲಿ ಗಂಡಸರು ಸಾಲಾಗಿ ನಿಂತು ನೋಡಿದರು. ಒಂಟೆಯ ಜೋಕು ಯಾರ ಬಾಯಿಗೂ ಬರಲಿಲ್ಲ. ಅವಳು ಬಂದಿಳಿದ ಟಾಂಗಾವನ್ನೇ ನಾನು ಹತ್ತಿದೆ. ಮರುದಿನ ಹಿರಿಯ ಅಕ್ಕೋರು ಛತ್ರಿ ಬಿಚ್ಚಿಕೊಂಡು, ಮೆಟ್ಟಿಲು ಇಳಿದು, ಎಲ್ಲರೂ ನೋಡುತ್ತಿರುವಂತೆ ಗೇಟಿನ ತನಕ ನಡೆದರು. ಟಾಂಗಾದವನು ಎಲ್ಲಿಗೆ ಎಂದರೆ “ಮನಿಗೆ. ಮತ್ತ ಇಲ್ಲಿಗೇ” ಎಂದರಂತೆ. ಸ್ವಲ್ಪ ದಿನದಲ್ಲಿ ಊರೆಲ್ಲ ಮಾತಾಡಿತು. ಕಾಲೇಜಿನ ಗೇಟಿನಲ್ಲಿ ಏಕೆ ಯಾವಾಗಲೂ ಟಾಂಗಾ ನಿಂತಿರುತ್ತದೆ ಎಂದು ಸ್ಟೇಷನ್ ರಸ್ತೆಯ ಅಂಗಡಿಕಾರರೂ ಕೇಳಿದರು. ಅವಳ ಗಂಡ ಮುಚ್ಚುಮರೆಯಿಲ್ಲದೆ ಹೇಳಿದನಂತೆ.

ಮಳೆಗಾಲದಲ್ಲಿ ಗೌಂಡಿಗಳು ಬಂದರು. ದೀಪಾವಳಿಯ ಹೊತ್ತಿಗೆ ಹಸಿರು ಬಾಗಿಲಿನ ಹಿಂದೆ ನಲ್ಲಿ, ಮೋರಿ, ಗಾಳಿಗೊಂದು ಕಿಂಡಿ, ಅಕ್ಕೋರು ಇಷ್ಟು ವರ್ಷ ಮನಸ್ಸಿನಲ್ಲೇ ಕಂಡಿದ್ದ ಬಿಳಿಯ ಟೈಲ್ಸ್. ಕೀಲಿಕೈ ನಮ್ಮದೇ ಸ್ಟಾಫ್ ರೂಮಿನ ಮೊಳೆಗೆ ಬಂತು. ಅದೇ ವಾರ ಅವಳಿಗೆ ಆರ್ಡರ್ ಬಂತು: ಪ್ರೊಬೇಷನ್ ತೃಪ್ತಿಕರವಲ್ಲ, ಸೇವೆ ಮುಂದುವರಿಸುವುದಿಲ್ಲ. ಪಾಠದ ಹೊತ್ತಿನಲ್ಲಿ ಕಾಲೇಜು ಬಿಟ್ಟು ಹೋದದ್ದನ್ನು ಕಾರಣವೆಂದು ಬರೆದಿದ್ದರು. ಅವಳು ಓದಿ, ಮಡಚಿ, ಚೀಲದಲ್ಲಿಟ್ಟಳು. ಕೊಡದಿಂದ ಒಂದು ಲೋಟ ಕುಡಿದಳು. ಮೊಳೆಯಿಂದ ಕೀಲಿಕೈ ತೆಗೆದುಕೊಂಡು ಕಾರಿಡಾರಿನುದ್ದಕ್ಕೂ ಅವಸರವಿಲ್ಲದೆ ನಡೆದುಹೋಗಿ, ಬಂದು, ಅದನ್ನು ಮತ್ತೆ ಮೊಳೆಗೆ ಹಾಕಿ, ಕೊನೆಯ ಪಾಠಕ್ಕೆ ಹೋದಳು. ಬಾಗಿಲಲ್ಲಿ ನಿಂತು ನನ್ನನ್ನು ನೋಡಿ, “ಛಲೋ ಕಟ್ಯಾರ್ರಿ” ಎಂದಳು.

ಅವಳ ಜಾಗಕ್ಕೆ ಗಂಡಸರೊಬ್ಬರನ್ನು ತೆಗೆದುಕೊಂಡರು. ಆಮೇಲೆ ನಾನು ಅಲ್ಲಿದ್ದಷ್ಟು ಕಾಲ ಹೆಂಗಸರನ್ನು ಯಾರನ್ನೂ ತೆಗೆದುಕೊಳ್ಳಲಿಲ್ಲ. ಕಾರಣ ಯಾರೂ ಹೇಳಲಿಲ್ಲ, ಕೇಳಿದರೆ ಪ್ರಿನ್ಸಿಪಾಲರು ಅರ್ಜಿ ಬಂದಿಲ್ಲ ಎನ್ನುತ್ತಿದ್ದರು. ಅಷ್ಟು ಚೆಂದದ ಬಿಳಿ ಟೈಲ್ಸಿನ ಕೋಣೆ ನಮ್ಮಿಬ್ಬರಿಗಾಗಿ ಉಳಿಯಿತು. ಮಧ್ಯಾಹ್ನಗಳಲ್ಲಿ ಅದರೊಳಗೆ ನಲ್ಲಿ ತೊಟ್ಟಿಕ್ಕುವುದು ನಮ್ಮ ಕುರ್ಚಿಯ ತನಕ ಕೇಳಿಸುತ್ತಿತ್ತು. ಅಕ್ಕೋರು ಡಬ್ಬಿಯ ಮಾತೆತ್ತಲಿಲ್ಲ, ಕೊಡಲು ಹೊಸಬರೂ ಬರಲಿಲ್ಲ.

ಕೊಡ ಸಂಜೆಗೆ ಖಾಲಿಯಾಗತೊಡಗಿತು. 'ಇನ್ನ ಬೇವಿನ ಗಿಡಕ್ಕ ಏನ ಹಾಕಲ್ರಿ?' ಎಂದು ಜವಾನ ಗೊಣಗಿದ. ಗಿಡಕ್ಕೆ ನೀರು ಹಾಕುವುದು ನಿಂತಿತು. ಬೇಸಿಗೆ ಬಂತು, ಇನ್ನೊಂದು ಬಂತು, ಅದು ಒಂದು ಎಲೆ ಕೂಡ ಬಾಡಿಸಿಕೊಳ್ಳಲಿಲ್ಲ. ಅದಕ್ಕೆ ನಮ್ಮ ನೀರು ಎಂದೂ ಬೇಕಾಗಿಯೇ ಇರಲಿಲ್ಲ.